ದಿನಕ್ಕೆ ಇನ್ನೂರು ರೂಪಾಯಿ: ಒಂದು ಆಟೋ ಮನೆಯ ಎಂಟು ಸಾಲ ತೀರಿದ ಪ್ರಕರಣ

ಇದು ತುಮಕೂರಿನ ಒಂದು ಮನೆಯ ಲೆಕ್ಕ. ಗಂಡ ಆಟೋ ಓಡಿಸುತ್ತಾನೆ. ಹೆಂಡತಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ. ಇಬ್ಬರು ಮಕ್ಕಳು, ಬಾಡಿಗೆ ಮನೆ. 2023ರ ಜನವರಿಯಲ್ಲಿ ಇವರ ತಲೆಯ ಮೇಲೆ ಎಂಟು ಸಾಲ ಇತ್ತು. 2025ರ ಜನವರಿಯಲ್ಲಿ ಒಂದೂ ಇರಲಿಲ್ಲ. ಆಮೇಲೆ ಹೊಸದು ಹುಟ್ಟಿಲ್ಲ.

ಹೆಂಡತಿ ನನ್ನ ಚಿಕ್ಕಮ್ಮನ ಮಗಳು, ನನಗೆ ತಂಗಿ. ನಾನು ಸಹಕಾರಿ ಬ್ಯಾಂಕೊಂದರಲ್ಲಿ ಸಾಲದ ವಿಭಾಗದಲ್ಲಿ ಕೆಲಸ ಮಾಡಿದವನು. ಹಾಗಾಗಿ ಮನೆಯ ಲೆಕ್ಕದ ಪುಸ್ತಕ ನನ್ನ ಮುಂದೆ ಬಂತು. ಹೆಸರು ಹಾಕುವುದಿಲ್ಲ ಅನ್ನುವ ಷರತ್ತಿನ ಮೇಲೆ ಬರೆಯಲು ಒಪ್ಪಿದ್ದಾರೆ. ಅಂಕಿಗಳನ್ನು ನೂರರ ಹತ್ತಿರಕ್ಕೆ ತಂದಿದ್ದೇನೆ.

ಸಾಲ ತೀರಿಸಿದವರ ಕಥೆ ಅಂದರೆ ಸಾಮಾನ್ಯವಾಗಿ ಖರ್ಚು ಕಡಿಮೆ ಮಾಡಿದ ಕಥೆ. ಹೊರಗಡೆ ಟೀ ಬಿಟ್ಟರು, ಟಿವಿ ಕನೆಕ್ಷನ್ ತೆಗೆಸಿದರು, ಹೀಗೆ. ಈ ಮನೆಯಲ್ಲಿ ಕಡಿಮೆ ಮಾಡಲು ಖರ್ಚೇ ಇರಲಿಲ್ಲ. ಬಾಡಿಗೆ, ರೇಷನ್ನು, ಹಾಲು, ಗ್ಯಾಸು, ಮಕ್ಕಳ ಸಣ್ಣಪುಟ್ಟದ್ದು ಎಲ್ಲ ಸೇರಿ ತಿಂಗಳಿಗೆ 14,000. ತುಮಕೂರಿನಲ್ಲಿ ನಾಲ್ಕು ಜನ ಇದಕ್ಕಿಂತ ಕಡಿಮೆಯಲ್ಲಿ ಬದುಕುವುದು ಕಷ್ಟ. ಆದಾಯ ತೀರಾ ಕಡಿಮೆಯೂ ಅಲ್ಲ. ಆಟೋದಿಂದ ಗ್ಯಾಸ್ ಖರ್ಚು ಕಳೆದು ಸುಮಾರು 23,000, ಹೊಲಿಗೆಯಿಂದ 9,000. ಒಟ್ಟು 32,000. ಹಾಗಾದರೆ ಹಣ ಎಲ್ಲಿ ಹೋಗುತ್ತಿತ್ತು?

ಎಂಟು ಸಾಲ

"ಒಟ್ಟು ಎಷ್ಟಿದೆ?" ಅಂತ ಕೇಳಿದಾಗ ಅವಳ ಗಂಡ "ಒಂದೂವರೆ ಲಕ್ಷ ಇರಬಹುದು ಭಾವ" ಅಂದ. ಒಂದೊಂದೇ ಬರೆಯುತ್ತಾ ಹೋದಾಗ 3,33,000 ಆಯಿತು. ಅವನು ಸುಳ್ಳು ಹೇಳಿರಲಿಲ್ಲ. ಕೆಲವನ್ನು ಅವನು ಸಾಲ ಅಂತ ಎಣಿಸಿಯೇ ಇರಲಿಲ್ಲ.

ಉದಾಹರಣೆಗೆ ಚೀಟಿ. ಪರಿಚಯದವರು ನಡೆಸುವ ಒಂದು ಲಕ್ಷದ ಚೀಟಿಯನ್ನು 2022ರ ಆಗಸ್ಟಿನಲ್ಲಿ ಕೂಗಿ ಎತ್ತಿಯಾಗಿತ್ತು. ಇನ್ನೂ ಆರು ಕಂತು ಬಾಕಿ. ಪಾಲಿನ ಹಣ ಕಳೆದು ಒಂದೊಂದು ಕಂತು ಸುಮಾರು 4,500. "ಚೀಟಿ ಉಳಿತಾಯ ಅಲ್ವಾ?" ಅಂತ ಅವನ ಪ್ರಶ್ನೆ. ಎತ್ತುವ ತನಕ ಉಳಿತಾಯ. ಎತ್ತಿದ ಮರುದಿನದಿಂದ ಸಾಲ. ಹಣ ಕೈಗೆ ಬಂದು ಖರ್ಚಾಗಿ ಹೋಗಿದೆ, ಕಟ್ಟುವುದು ಮಾತ್ರ ಉಳಿದಿದೆ.

ಎರಡನೆಯದು ತಂಗಿಯ ಸ್ವಂತ ಅಣ್ಣ, ತಿಪಟೂರಿನವನು, ಕೊರೊನಾ ಲಾಕ್‌ಡೌನಿನಲ್ಲಿ ಕೊಟ್ಟ 25,000 ಕೈಗಡ. ಬಡ್ಡಿ ಇಲ್ಲ, ಗಡುವೂ ಇಲ್ಲ. ಅದು ಲೆಕ್ಕದಲ್ಲಿ ಬಂದೇ ಇರಲಿಲ್ಲ.

ಮೂರನೆಯದು ಬಡ್ಡಿ ಸಾಲ. 2020ರ ಜನವರಿಯಲ್ಲಿ ಅತ್ತೆಯ ಆಸ್ಪತ್ರೆ ಖರ್ಚಿಗೆ ತಂದ 40,000. ನೂರಕ್ಕೆ ಮೂರು ರೂಪಾಯಿ. ತಿಂಗಳಿಗೆ 1,200 ತಪ್ಪದೆ ಕೊಡುತ್ತಾ ಬಂದಿದ್ದರು. ಮೂರು ವರ್ಷಕ್ಕೆ 43,200 ಕೊಟ್ಟಾಗಿತ್ತು. ಅಸಲು 40,000 ಹಾಗೇ ಕೂತಿತ್ತು. ಇದನ್ನು ಬರೆದು ತೋರಿಸಿದಾಗ ತಂಗಿ ಕ್ಯಾಲ್ಕುಲೇಟರ್ ತಗೊಂಡು ಮತ್ತೆ ತಾನೇ ಗುಣಿಸಿ ನೋಡಿದಳು. ನಮ್ಮ ರಾಜ್ಯದಲ್ಲಿ ಲೈಸೆನ್ಸ್ ಇರುವ ಲೇವಾದೇವಿಗಾರರು ಅಡಮಾನ ಇಲ್ಲದ ಸಾಲಕ್ಕೆ ವರ್ಷಕ್ಕೆ ನೂರಕ್ಕೆ 16ಕ್ಕಿಂತ ಜಾಸ್ತಿ ಬಡ್ಡಿ ಹಾಕುವಂತಿಲ್ಲ. ಇಲ್ಲಿ 36. ವಿಪರೀತ ಬಡ್ಡಿ ನಿಷೇಧಿಸುವ ಕಾಯ್ದೆ 2004ರಲ್ಲೇ ಬಂದಿದೆ. ಆದರೆ ರಾತ್ರಿ ಹತ್ತು ಗಂಟೆಗೆ ಆಸ್ಪತ್ರೆಯ ಕೌಂಟರಿನಲ್ಲಿ ನಿಂತವರಿಗೆ ಕಾಯ್ದೆ ದುಡ್ಡು ಕೊಡುವುದಿಲ್ಲ.

ನಾಲ್ಕನೆಯದು ದಿನದ ಬಡ್ಡಿ. ಆಟೋ ಸ್ಟ್ಯಾಂಡಿಗೇ ಬಂದು ಕೊಡುತ್ತಾರೆ. 20,000 ಸಾಲ ಅಂತ ಬರೆದುಕೊಂಡು ಮೊದಲೇ 3,000 ಹಿಡಿದು 17,000 ಕೈಗೆ ಕೊಡುತ್ತಾರೆ. ಆಮೇಲೆ ದಿನಕ್ಕೆ 200, ನೂರು ದಿನ. ಅವನ ಲೆಕ್ಕದಲ್ಲಿ ಇದು "ಇಪ್ಪತ್ತಕ್ಕೆ ಮೂರು, ಅಷ್ಟೇ". ಹಾಗಲ್ಲ. ಮೊದಲ ದಿನದಿಂದಲೇ ಅಸಲು ವಾಪಸ್ ಹೋಗುತ್ತಿರುತ್ತದೆ. ನೂರು ದಿನದಲ್ಲಿ ಸರಾಸರಿ ಅವನ ಬಳಿ ಇದ್ದದ್ದು ಎಂಟೊಂಬತ್ತು ಸಾವಿರ. ಅಷ್ಟಕ್ಕೆ ಮೂರು ತಿಂಗಳಲ್ಲಿ ಮೂರು ಸಾವಿರ ಬಡ್ಡಿ. ವರ್ಷದ ಲೆಕ್ಕಕ್ಕೆ ತಂದರೆ ನೂರಕ್ಕೆ ಸುಮಾರು 120. ಒಂದು ಸಾಲ ಮುಗಿದ ದಿನವೇ ಇನ್ನೊಂದು ಶುರು. ಆಗ ಇನ್ನೂ 14,000 ಬಾಕಿ ಇತ್ತು.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಗಿರವಿ ಅಂಗಡಿಯಲ್ಲಿ 24 ಗ್ರಾಂ ಒಡವೆ ಇಟ್ಟು ತಂದ 60,000, ನೂರಕ್ಕೆ ಎರಡೂವರೆಯಂತೆ ತಿಂಗಳಿಗೆ 1,500 ಬಡ್ಡಿ. ಆಟೋ ಫೈನಾನ್ಸ್ ಬಾಕಿ 1,02,000, ಕಂತು 7,200. ಎರಡು ಮೈಕ್ರೋಫೈನಾನ್ಸ್ ಸಂಘದ ಸಾಲ, ಬಾಕಿ 38,000 ಮತ್ತು 27,000, ಕಂತು ಎರಡೂ ಸೇರಿ 4,800.

ತಿಂಗಳಿಗೆ ಕಟ್ಟಬೇಕಾದದ್ದು ಒಟ್ಟು 25,200. ಮನೆ ಖರ್ಚು ಕಳೆದು ಉಳಿಯುತ್ತಿದ್ದದ್ದು 18,000. ತಿಂಗಳಿಗೆ 7,200 ಕೊರತೆ. ಆ ಕೊರತೆಯನ್ನು ತುಂಬುತ್ತಿದ್ದದ್ದು ಮುಂದಿನ ಸಾಲ.

ಇಷ್ಟೆಲ್ಲ ಇದ್ದರೂ ಸಂಘದವರು ಹೇಗೆ ಕೊಟ್ಟರು ಅಂತ ಕೇಳಬಹುದು. ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ ಮೈಕ್ರೋಫೈನಾನ್ಸ್ ಸಾಲ ವರ್ಷಕ್ಕೆ 3 ಲಕ್ಷದ ಒಳಗೆ ಆದಾಯ ಇರುವ ಮನೆಗಳಿಗೆ. ಎಲ್ಲ ಸಾಲದ ಕಂತು ಸೇರಿ ಆದಾಯದ ಅರ್ಧ ಮೀರಬಾರದು. ಇವರು ಫಾರಂನಲ್ಲಿ ತಿಂಗಳಿಗೆ 25,000 ಆದಾಯ ಅಂತ ಬರೆಸಿದ್ದರು. ಒಬ್ಬರ ಸಾಲಗಳ ಪಟ್ಟಿ ಇರುವ ಕ್ರೆಡಿಟ್ ರಿಪೋರ್ಟಿನಲ್ಲಿ ಕಾಣುವ ಸಾಲ ಮೂರೇ, ಆಟೋ ಮತ್ತು ಎರಡು ಸಂಘ. ಅವುಗಳ ಕಂತು 12,000. ಅರ್ಧಕ್ಕಿಂತ 500 ಕಡಿಮೆ. ಕಾಗದದ ಮೇಲೆ ಎಲ್ಲ ಸರಿ. ದಿನದ ಬಡ್ಡಿ, ಗಿರವಿ, ಚೀಟಿ, ಬಡ್ಡಿ ಸಾಲ ಯಾವುದೂ ಯಾವ ರಿಪೋರ್ಟಿನಲ್ಲೂ ಬರುವುದಿಲ್ಲ.

ಮೊದಲ ಕೆಲಸ: ಒಡವೆಯ ಜಾಗ ಬದಲಿಸಿದ್ದು

ಸಾಲ ತೀರಿಸುವ ಸಲಹೆಗಳಲ್ಲಿ ಎರಡು ದಾರಿ ಹೇಳುತ್ತಾರೆ. ಚಿಕ್ಕ ಸಾಲ ಮೊದಲು ಮುಗಿಸಿ, ಹುರುಪು ಬರುತ್ತದೆ. ಇಲ್ಲವೇ ಜಾಸ್ತಿ ಬಡ್ಡಿಯದ್ದನ್ನು ಮೊದಲು ಮುಗಿಸಿ, ಹಣ ಉಳಿಯುತ್ತದೆ. ಎರಡಕ್ಕೂ ತಿಂಗಳ ಕೊನೆಯಲ್ಲಿ ಏನಾದರೂ ಮಿಗಬೇಕು. ಇವರಿಗೆ ಮಿಗುವುದಿರಲಿ, 7,200 ಸಾಲದೆ ಬರುತ್ತಿತ್ತು. ಆದ್ದರಿಂದ ಮೊದಲು ಕಂತಿನ ಭಾರ ಇಳಿಸಬೇಕಿತ್ತು. ಸಾಲದ ಮೊತ್ತ ಆಮೇಲೆ.

ದಾರಿ ಒಡವೆಯಲ್ಲೇ ಇತ್ತು. ಆಗ 22 ಕ್ಯಾರೆಟ್ ಚಿನ್ನ ಗ್ರಾಂಗೆ ಸುಮಾರು 5,200. 24 ಗ್ರಾಂ ಅಂದರೆ 1,24,800. ಬ್ಯಾಂಕುಗಳು ಅದರ ನೂರಕ್ಕೆ 75ರ ತನಕ ಸಾಲ ಕೊಡಬಹುದಿತ್ತು, ಹತ್ತಿರ ಹತ್ತಿರ 93,000. ಬಡ್ಡಿ ವರ್ಷಕ್ಕೆ 9. ಗಿರವಿ ಅಂಗಡಿಯಲ್ಲಿ ಅದೇ ಒಡವೆಗೆ 60,000 ಕೊಟ್ಟು ವರ್ಷಕ್ಕೆ 30 ಬಡ್ಡಿ ಎಳೆಯುತ್ತಿದ್ದರು.

ಹಾಗಾದರೆ ಜನ ಯಾಕೆ ಬ್ಯಾಂಕಿಗೆ ಹೋಗುವುದಿಲ್ಲ? ಒಡವೆ ಬಿಡಿಸದೆ ಬ್ಯಾಂಕಿನಲ್ಲಿ ಇಡಲು ಆಗುವುದಿಲ್ಲ. ಬಿಡಿಸಲು 60,000 ಬೇಕು. ಆ 60,000 ಇದ್ದಿದ್ದರೆ ಒಡವೆ ಅಲ್ಲಿ ಇರುತ್ತಲೇ ಇರಲಿಲ್ಲ. ಆ ಒಂದು ದಿನದ ಹಣವನ್ನು ನಾನು ಕೊಟ್ಟೆ. ಬೆಳಗ್ಗೆ ಅಂಗಡಿಯಲ್ಲಿ ಬಿಡಿಸಿ, ಮಧ್ಯಾಹ್ನ ಸರ್ಕಾರಿ ಬ್ಯಾಂಕೊಂದರಲ್ಲಿ ಇಟ್ಟು, ಸಂಜೆ ನನ್ನ ಹಣ ವಾಪಸ್ ಬಂತು. ಇಡೀ ಪ್ರಕರಣದಲ್ಲಿ ನಾನು ಮಾಡಿದ ನಿಜವಾದ ಸಹಾಯ ಇದೊಂದೇ. ನೆಂಟರಿಗೆ ಸಹಾಯ ಮಾಡಬೇಕು ಅನ್ನುವವರಿಗೆ ಹೇಳುತ್ತೇನೆ, ಐದು ಸಾವಿರ ಕೈಗಡ ಕೊಡುವುದಕ್ಕಿಂತ ಹೀಗೆ ಒಂದು ದಿನ ಜೊತೆಗೆ ಓಡಾಡುವುದು ಮೇಲು.

ಬ್ಯಾಂಕಿನಿಂದ 90,000 ತಗೊಂಡರು. ಗಿರವಿಗೆ ಬಡ್ಡಿ ಸೇರಿ 61,500 ಹೋಯಿತು. ದಿನದ ಬಡ್ಡಿಯ 14,000 ಒಂದೇ ಸಲ ಕೊಟ್ಟು ಮುಗಿಸಿದರು. ಉಳಿದದ್ದರಲ್ಲಿ 14,000 ಮೂರು ರೂಪಾಯಿ ಬಡ್ಡಿಯ ಸಾಲಕ್ಕೆ ಕೊಟ್ಟು ಅದನ್ನು 26,000ಕ್ಕೆ ಇಳಿಸಿದರು.

ಈಗ ಒಟ್ಟು ಸಾಲ 3,35,000. ಅಂದರೆ ಮೊದಲಿಗಿಂತ ಎರಡು ಸಾವಿರ ಜಾಸ್ತಿಯೇ. ಆದರೆ ತಿಂಗಳ ಕಂತು 25,200 ಇದ್ದದ್ದು 18,000ದ ಒಳಗೆ ಬಂತು. ಬ್ಯಾಂಕಿನ ಬಡ್ಡಿ ವರ್ಷಕ್ಕೊಮ್ಮೆ ಕಟ್ಟುವುದಾದರೂ ತಿಂಗಳಿಗೆ 675 ಎತ್ತಿಡಬೇಕು ಅಂತ ಸೇರಿಸಿಯೇ ಈ ಲೆಕ್ಕ. ಒಂದು ರೂಪಾಯಿ ಸಾಲವೂ ತೀರಿಲ್ಲ, ಆದರೆ ಫೆಬ್ರವರಿಯಲ್ಲಿ ಹೊಸ ಸಾಲ ಬೇಕಾಗಲಿಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಸಾಲ ಬದಲಿಸುವುದು ಕೆಲಸ ಮಾಡುವುದು ಹಳೆಯ ಬಾಗಿಲು ಮುಚ್ಚಿದರೆ ಮಾತ್ರ. ದಿನದ ಬಡ್ಡಿಯವನು ಸ್ಟ್ಯಾಂಡಿಗೆ ಬರುವುದನ್ನು ನಿಲ್ಲಿಸಲಿಲ್ಲ. "ನಿಮ್ಮದು ಕ್ಲಿಯರ್ ಆಗಿದೆ ಅಣ್ಣಾ, ಈಗ ಮೂವತ್ತು ತಗೊಳ್ಳಿ" ಅಂತ ಎಷ್ಟೋ ಸಲ ಹೇಳಿದನಂತೆ. ತಂಗಿಯ ಗಂಡ ಕೆಲವು ತಿಂಗಳು ಬೇರೆ ಸ್ಟ್ಯಾಂಡಿನಲ್ಲಿ ಗಾಡಿ ಹಾಕಿದ. ಬಾಡಿಗೆ ಸ್ವಲ್ಪ ಕಡಿಮೆಯೇ ಸಿಕ್ಕಿತು.

ಹೆಚ್ಚಿನ ಸಾಲ ಏಪ್ರಿಲ್‌ನಿಂದ ಆಗಸ್ಟಿನೊಳಗೇ ಯಾಕೆ ಹುಟ್ಟಿತು

ಪುಸ್ತಕದಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಮೊತ್ತ ಅಲ್ಲ, ತಾರೀಖು. ಗಿರವಿ 2021ರ ಮೇ. ಒಂದು ಸಂಘದ ಸಾಲ 2022ರ ಏಪ್ರಿಲ್ ಕೊನೆ, ಶಾಲೆಯ ಹಳೆ ಬಾಕಿಗೆ. ಇನ್ನೊಂದು ಜೂನ್, ಹೊಸ ವರ್ಷದ ಫೀಸಿಗೆ. ದಿನದ ಬಡ್ಡಿ ಶುರುವಾದದ್ದು ಅದೇ ಜೂನ್, ಗಾಡಿಯ ಇನ್ಶೂರೆನ್ಸಿಗೆ. ಚೀಟಿ ಎತ್ತಿದ್ದು ಆಗಸ್ಟ್. ಎಂಟರಲ್ಲಿ ಐದು ಸಾಲ ಏಪ್ರಿಲ್ ಕೊನೆಯಿಂದ ಆಗಸ್ಟಿನೊಳಗೆ ಹುಟ್ಟಿದವು.

ಇವೆಲ್ಲ ಕಷ್ಟ ಬಂದು ಮಾಡಿದ ಸಾಲ ಅಂತ ಇಬ್ಬರೂ ನಂಬಿದ್ದರು. ಆಸ್ಪತ್ರೆ ಕಷ್ಟವೇ, ಲಾಕ್‌ಡೌನೂ ಕಷ್ಟವೇ. ಶಾಲೆ ಜೂನಿನಲ್ಲಿ ಶುರುವಾಗುವುದು ಕಷ್ಟ ಅಲ್ಲ, ಅದು ಪ್ರತಿ ವರ್ಷದ ಮಾತು. ಇನ್ಶೂರೆನ್ಸ್ ಮುಗಿಯುವ ತಾರೀಖು ಪಾಲಿಸಿಯ ಮೇಲೇ ಅಚ್ಚಾಗಿರುತ್ತದೆ. ವರಮಹಾಲಕ್ಷ್ಮಿ, ಗೌರಿ ಗಣೇಶ ಯಾವ ದಿನ ಅಂತ ಯುಗಾದಿಯ ಪಂಚಾಂಗದಲ್ಲೇ ಇದೆ.

ಒಂದು ವರ್ಷದ್ದನ್ನು ಬರೆದೆವು. ಇಬ್ಬರ ಫೀಸು 22,000. ಪುಸ್ತಕ, ಯೂನಿಫಾರಂ 6,000. ಇನ್ಶೂರೆನ್ಸ್ 9,000. ಗಾಡಿಯ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್), ಟೈರು ಎಲ್ಲ ವರ್ಷಕ್ಕೆ ಹಂಚಿದರೆ 8,000. ಬೇಸಿಗೆಯ ಮದುವೆಗಳ ಮುಯ್ಯಿ 5,000. ಶ್ರಾವಣ, ಭಾದ್ರಪದದ ಹಬ್ಬಕ್ಕೆ 6,000, ದೀಪಾವಳಿಗೆ 4,000. ಒಟ್ಟು 60,000. ಅವನು ವರ್ಷಕ್ಕೆ ಸುಮಾರು 300 ದಿನ ಗಾಡಿ ಓಡಿಸುತ್ತಾನೆ. ದಿನಕ್ಕೆ 200 ರೂಪಾಯಿ.

ದಿನದ ಬಡ್ಡಿಯವನಿಗೆ ಕೊಡುತ್ತಿದ್ದದ್ದೂ ಅಷ್ಟೇ. ಅದೇ 200, ಅದೇ ಸ್ಟ್ಯಾಂಡು, ಅದೇ ಸಂಜೆ ಆರು ಗಂಟೆ. ಇವನು ಶಿಸ್ತಿಲ್ಲದ ಮನುಷ್ಯ ಅಂತ ಅಂದುಕೊಂಡಿದ್ದ ತಂಗಿಗೆ ನಾನು ಅದನ್ನೇ ತೋರಿಸಿದೆ. ಮಳೆ ಬರಲಿ, ಬಂದ್ ಇರಲಿ, ದಿನಾ 200 ಕಟ್ಟಿದವನಿಗೆ ಶಿಸ್ತು ಕಲಿಸುವುದು ಏನೂ ಉಳಿದಿಲ್ಲ. ಹಣ ಮೊದಲು ಬಂದು ಕಂತು ಆಮೇಲೆ ಹೋಗುತ್ತಿತ್ತು. ಅದನ್ನು ತಿರುಗಿಸಬೇಕಿತ್ತು.

ಅದಕ್ಕೆ ನಮ್ಮಲ್ಲಿ ಹಳೆಯ ವ್ಯವಸ್ಥೆಯೇ ಇದೆ. ಪಿಗ್ಮಿ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿ ಆಮೇಲೆ ಸಿಂಡಿಕೇಟ್ ಬ್ಯಾಂಕ್ ಅನ್ನಿಸಿಕೊಂಡ ಸಂಸ್ಥೆ 1928ರಲ್ಲಿ ಇದನ್ನು ಶುರು ಮಾಡಿತು. ಏಜೆಂಟ್ ಮನೆ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ಸಂಗ್ರಹಿಸುತ್ತಿದ್ದ. 2020ರಲ್ಲಿ ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಆದರೆ ಪಿಗ್ಮಿ ಅನ್ನುವುದು ಊರೂರಿನ ಸಹಕಾರಿ ಬ್ಯಾಂಕು, ಸೊಸೈಟಿಗಳಲ್ಲಿ ಇನ್ನೂ ನಡೆಯುತ್ತಿದೆ. ಬಡ್ಡಿ ಕಡಿಮೆ. ಮಧ್ಯದಲ್ಲಿ ತೆಗೆದರೆ ಸ್ವಲ್ಪ ಹಿಡಿಯುತ್ತಾರೆ. ಬಡ್ಡಿಗಾಗಿ ಪಿಗ್ಮಿ ಕಟ್ಟುವವರು ಯಾರೂ ಇಲ್ಲ ಬಿಡಿ. ದಿನಾ ಕೈಗೆ ಬರುವ ಹಣ ದಿನಾ ಕೈಬಿಟ್ಟು ಹೋಗುವುದೇ ಅದರ ಲಾಭ. ಎಲ್ಲಿ ಕಟ್ಟಬೇಕು ಅನ್ನುವುದರಲ್ಲಿ ಮಾತ್ರ ಹುಷಾರಾಗಿರಬೇಕು. ಬ್ಯಾಂಕಾದರೆ, ಸಹಕಾರಿ ಬ್ಯಾಂಕೂ ಸೇರಿ, 5 ಲಕ್ಷದ ತನಕ ಠೇವಣಿಗೆ ವಿಮೆ ಇದೆ. ಪತ್ತಿನ ಸಹಕಾರ ಸಂಘಗಳಿಗೆ ಆ ವಿಮೆ ಇಲ್ಲ. ರಿಸರ್ವ್ ಬ್ಯಾಂಕಿನ ಲೈಸೆನ್ಸ್ ಇರುವ ಬ್ಯಾಂಕೋ ಅಲ್ಲವೋ ನೋಡಿಯೇ ಪುಸ್ತಕ ಮಾಡಿಸಿದೆವು.

ಆದರೆ 2023ರಲ್ಲಿ 200 ಎತ್ತಿಡುವ ಶಕ್ತಿ ಎಲ್ಲಿತ್ತು? 50ರಿಂದ ಶುರುವಾಯಿತು.

ಆ ಮೊದಲ ಜೂನ್

ಇಡೀ ಪ್ರಯತ್ನ ಮುರಿದು ಬೀಳುವ ಹಾಗಿದ್ದದ್ದು 2023ರ ಜೂನಿನಲ್ಲಿ. ಫೀಸು ಬಂತು. ಅದೇ ತಿಂಗಳು 11ನೇ ತಾರೀಖು ಶಕ್ತಿ ಯೋಜನೆ ಶುರುವಾಗಿ ಹೆಂಗಸರಿಗೆ ಬಸ್ಸು ಫ್ರೀ ಆಯಿತು. ತಂಗಿಗೆ ಬಟ್ಟೆ, ಲೈನಿಂಗ್ ತರಲು ಪೇಟೆಗೆ ಹೋಗುವುದು ಸುಲಭ ಆಯಿತು. ಅವಳ ಗಂಡನಿಗೆ ಆಟೋ ಬಾಡಿಗೆ ಕಡಿಮೆಯಾಯಿತು. ಒಂದೇ ಮನೆಯಲ್ಲಿ ಯೋಜನೆಯ ಎರಡೂ ಮುಖ. ಊಟಕ್ಕೆ ಕೂತಾಗ ಅದೇ ಜಗಳ.

ಶಾಲೆಗೆ ಹೋಗಿ ಮೂರು ಕಂತು ಕೇಳಿ ಅಂದೆ. ಅವನಿಗೆ ಮರ್ಯಾದೆಯ ಪ್ರಶ್ನೆ. ಕೊನೆಗೆ ತಂಗಿಯೇ ಹೋದಳು. ಜೂನ್, ಸೆಪ್ಟೆಂಬರ್, ಡಿಸೆಂಬರ್ ಅಂತ ಬರೆದುಕೊಟ್ಟರು. ಬೇರೆ ಪೋಷಕರಿಗೆ ಹೇಳಬೇಡಿ ಅಂದರಂತೆ. ಶಾಲೆಯವರಿಗೆ ಬಡ್ಡಿ ಬೇಕಿಲ್ಲ. ಸಂಘದಲ್ಲಿ ಸಾಲ ಮಾಡಿ ಶಾಲೆಗೆ ಒಂದೇ ಸಲ ಕಟ್ಟಿ ಆಮೇಲೆ ಎರಡು ವರ್ಷ ಬಡ್ಡಿ ತೆರುವುದಕ್ಕಿಂತ ಆಫೀಸಿನಲ್ಲಿ ಐದು ನಿಮಿಷ ತಲೆ ತಗ್ಗಿಸಿ ಕೂರುವುದು ಅಗ್ಗ.

ಕಡಿಮೆಯಾದ ಬಾಡಿಗೆಯನ್ನು ಸರಿದೂಗಿಸಿದ್ದು ಶಾಲೆ ಮಕ್ಕಳ ಟ್ರಿಪ್. ಬೆಳಗ್ಗೆ, ಸಂಜೆ ಒಂದೊಂದು ಸುತ್ತು, ತಿಂಗಳಿಗೆ ನಿಗದಿ ಹಣ. ಹೊಲಿಗೆಯಲ್ಲೂ ಮದುವೆ ಸೀಸನ್ನಿನ ಹೆಚ್ಚುವರಿ ಹಣ ಮೊದಲ ಬಾರಿಗೆ ಕಂತಿಗೆ ಹೋಗದೆ ಇನ್ಶೂರೆನ್ಸಿಗೆ ಉಳಿಯಿತು. ಆಗಸ್ಟ್ ಕೊನೆಗೆ ಗೃಹಲಕ್ಷ್ಮಿ ಬಂತು, ರೇಷನ್ ಕಾರ್ಡಿನಲ್ಲಿ ತಂಗಿಯೇ ಯಜಮಾನಿ. ಆ 2,000 ಬಂದಾಗೆಲ್ಲ ಸೀದಾ ಪಿಗ್ಮಿಗೆ. ಕೆಲವು ತಿಂಗಳು ತಡವಾಗಿ ಬರುತ್ತಿತ್ತು. ಮನೆ ಖರ್ಚಿಗೆ ಅದನ್ನು ನಂಬದೆ ಇದ್ದದ್ದು ಒಳ್ಳೆಯದಾಯಿತು.

ಜೂನಿಗೆ ಚೀಟಿ ಮುಗಿಯಿತು. ಆ 4,500 ಜುಲೈಯಿಂದ ಮೂರು ರೂಪಾಯಿ ಬಡ್ಡಿಯ ಸಾಲಕ್ಕೆ ತಿರುಗಿತು. ಡಿಸೆಂಬರಿಗೆ ಅದು ಖಲಾಸ್. ಹಣ ಕೊಟ್ಟ ದಿನ ಪ್ರೋನೋಟು, ಸಹಿ ಹಾಕಿ ಕೊಟ್ಟಿದ್ದ ಖಾಲಿ ಚೆಕ್ಕು ಎರಡನ್ನೂ ವಾಪಸ್ ಪಡೆದರು. "ಹುಡುಕಿ ಕೊಡ್ತೀನಿ" ಅಂತ ಸಾಲ ಕೊಟ್ಟವರು ಅಂದಾಗ ತಂಗಿಯ ಗಂಡ ಕೊನೆಯ ಎರಡು ಸಾವಿರ ಜೇಬಿನಲ್ಲೇ ಇಟ್ಟುಕೊಂಡು ಕೂತಿದ್ದನಂತೆ. ಖಾಲಿ ಚೆಕ್ಕು ಇನ್ನೊಬ್ಬರ ಕೈಯಲ್ಲಿ ಇರುವ ತನಕ ಸಾಲ ಮುಗಿದಿದೆ ಅನ್ನುವ ಹಾಗಿಲ್ಲ.

ಯಾರದ್ದು ಮೊದಲು

2024ರ ಜನವರಿಯಲ್ಲಿ ಕೈಯಲ್ಲಿ ತಿಂಗಳಿಗೆ 5,000 ಮಿಗುತ್ತಿತ್ತು. ನನ್ನ ಪ್ರಕಾರ ಅದು ವರ್ಷಕ್ಕೆ 24 ಬಡ್ಡಿಯ ಸಂಘದ ಸಾಲಕ್ಕೆ ಹೋಗಬೇಕಿತ್ತು. ತಂಗಿ ಒಪ್ಪಲಿಲ್ಲ. "ತಿಪಟೂರಿನ ಅಣ್ಣನದ್ದು ಮೊದಲು" ಅಂದಳು. ಅದಕ್ಕೆ ಬಡ್ಡಿಯೇ ಇಲ್ಲ ಅಂದರೆ, "ನಿಮ್ಮ ಪುಸ್ತಕದಲ್ಲಿ ಇಲ್ಲ ಅಣ್ಣ. ಹಬ್ಬಕ್ಕೆ ತವರಿಗೆ ಹೋಗಿ ನಾಲ್ಕು ವರ್ಷ ಆಗ್ತಾ ಬಂತು" ಅಂದಳು. ಐದು ತಿಂಗಳಲ್ಲಿ 25,000 ವಾಪಸ್ ಕೊಟ್ಟಳು. ನನ್ನ ಲೆಕ್ಕ ಈಗಲೂ ಬದಲಾಗಿಲ್ಲ, ಒಂದಷ್ಟು ಬಡ್ಡಿ ಉಳಿಯುತ್ತಿತ್ತು. ಆದರೆ ಆ ವರ್ಷ ಗೌರಿ ಹಬ್ಬಕ್ಕೆ ಬಾಗಿನ ಬಂತು, ಜೊತೆಗೆ ಒಂದು ಚೀಲ ತೆಂಗಿನಕಾಯಿ.

ಏಪ್ರಿಲ್‌ನಿಂದ ಜೂನಿನ ಒಳಗೆ ಆಟೋ ಮತ್ತು ಎರಡೂ ಸಂಘದ ಕಂತು ತಮ್ಮಷ್ಟಕ್ಕೆ ಮುಗಿದವು. ಒಮ್ಮೆಲೇ 12,000 ಬಿಡುವಾಯಿತು. ಈ ಘಟ್ಟವೇ ಅಪಾಯದ್ದು. ಕೊನೆಯ ಕಂತು ಕಟ್ಟಿದ ವಾರದಲ್ಲೇ ಸಂಘದವರು ಫೋನ್ ಮಾಡಿ 80,000 ಮಂಜೂರಾಗಿದೆ ಅಂದರು. ಚೆನ್ನಾಗಿ ಕಟ್ಟಿದವರಿಗೆ ಸಿಗುವ ಬಹುಮಾನ ಇನ್ನೊಂದು ಸಾಲ.

ಕಾಗದದ ಕೆಲಸವನ್ನು ಜನ ಬಿಟ್ಟುಬಿಡುತ್ತಾರೆ. ಆಟೋ ಸಾಲ ಮುಗಿದ ಮೇಲೆ ಫೈನಾನ್ಸಿನಿಂದ ಸಾಲ ಬಾಕಿ ಇಲ್ಲ ಅನ್ನುವ ಎನ್‌ಒಸಿ ಮತ್ತು ಫಾರಂ 35 ತಂದು ಆರ್‌ಟಿಒದಲ್ಲಿ ಆರ್‌ಸಿ ಮೇಲಿನ ಫೈನಾನ್ಸಿನ ಹೆಸರು ತೆಗೆಸಬೇಕು. ಸಂಘದ ಸಾಲಗಳು ನಿಜವಾಗಿ ಮುಚ್ಚಿವೆಯೋ ಅಂತ ಕ್ರೆಡಿಟ್ ರಿಪೋರ್ಟಿನಲ್ಲಿ ನೋಡಬೇಕು. ವರ್ಷಕ್ಕೊಂದು ಪೂರ್ತಿ ರಿಪೋರ್ಟ್ ಅದನ್ನು ತಯಾರಿಸುವ ಪ್ರತಿ ಬ್ಯೂರೋದಿಂದ ಫ್ರೀ. ಇವರದ್ದರಲ್ಲಿ ಒಂದು ಸಾಲ ಇನ್ನೂ ಚಾಲ್ತಿ ಅಂತಲೇ ತೋರಿಸುತ್ತಿತ್ತು. ದೂರು ಹಾಕಿದೆವು. 30 ದಿನದಲ್ಲಿ ಸರಿ ಮಾಡದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ ಇದೆ. ಅದಕ್ಕೆ ಮೊದಲೇ ಸರಿಯಾಯಿತು.

ಜುಲೈಯಿಂದ ತಿಂಗಳಿಗೆ 15,000ದಂತೆ ಬ್ಯಾಂಕಿನ ಚಿನ್ನದ ಸಾಲಕ್ಕೆ ಕಟ್ಟಿದರು. 2025ರ ಜನವರಿಯಲ್ಲಿ ಒಡವೆ ಮನೆಗೆ ಬಂತು.

ಆಮೇಲಿನದ್ದು

ಅದರ ಮುಂದಿನ ತಿಂಗಳೇ ರಾಜ್ಯದಲ್ಲಿ ಮೈಕ್ರೋಫೈನಾನ್ಸ್ ಕಿರುಕುಳದ ವಿರುದ್ಧ ಸುಗ್ರೀವಾಜ್ಞೆ ಬಂತು. ಬಲವಂತದ ವಸೂಲಿಗೆ ಹತ್ತು ವರ್ಷದ ತನಕ ಜೈಲು, 5 ಲಕ್ಷದ ತನಕ ದಂಡ. ಬೀದಿಯಲ್ಲಿ "ಎಲ್ಲ ಸಾಲ ಮನ್ನಾ ಆಯ್ತಂತೆ" ಅಂತ ಸುದ್ದಿ ಹಬ್ಬಿತು. ಹಾಗಿರಲಿಲ್ಲ. ನೋಂದಣಿ ಇಲ್ಲದವರು ಬಡವರಿಗೆ ಕೊಟ್ಟ ಸಾಲದ ಮಾತು ಅದು. ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿ ಇರುವ ಸಂಸ್ಥೆಯ ಸಾಲ ಕಟ್ಟಲೇಬೇಕು. ಸುಮ್ನೆ ಕಂತು ನಿಲ್ಲಿಸಿದವರ ಸಿಬಿಲ್ ಹಾಳಾಯಿತು, ಅಷ್ಟೇ.

ಈಗ ಪಿಗ್ಮಿ ದಿನಕ್ಕೆ 200. 2025ರ ಜೂನಿನಲ್ಲಿ ಫೀಸು ಒಂದೇ ಸಲ ಕಟ್ಟಿದರು. ಆಸ್ಪತ್ರೆಯ ಭಯಕ್ಕೆ ಇಬ್ಬರಿಗೂ ಆಯುಷ್ಮಾನ್ ಕಾರ್ಡು ಮಾಡಿಸಿದೆ. ವರ್ಷಕ್ಕೆ 436ರ ಜೀವ ವಿಮೆ, 20 ರೂಪಾಯಿಯ ಅಪಘಾತ ವಿಮೆ ಬ್ಯಾಂಕ್ ಖಾತೆಯಿಂದಲೇ ಹೋಗುತ್ತದೆ. ಎರಡೂ ತಲಾ 2 ಲಕ್ಷದ್ದು.

ಆದರೆ ಎರಡು ಸಲ ಮತ್ತೆ ಸಾಲದ ಕಡೆ ಎಳೆತ ಬಂತು. ಮೊದಲನೆಯದು ಚಿನ್ನ. 2025ರ ಕೊನೆಗೆ ಗ್ರಾಂಗೆ 11,000 ದಾಟಿತು. ಅದೇ 24 ಗ್ರಾಂಗೆ ಈಗ ಎರಡು ಲಕ್ಷದ ಹತ್ತಿರ ಸಾಲ ಸಿಗುತ್ತದೆ ಅಂತ ಸ್ಟ್ಯಾಂಡಿನಲ್ಲಿ ಎಲ್ಲರೂ ಲೆಕ್ಕ ಹೇಳಿದರು. ಬೆಲೆ ಏರಿದರೆ ಸಾಲ ಜಾಸ್ತಿ ಸಿಗುತ್ತದೆ ನಿಜ, ಕಟ್ಟುವ ಆಟೋ ಬಾಡಿಗೆ ಏರುವುದಿಲ್ಲ. ಎರಡನೆಯದು ಜಾಮೀನು. ಹತ್ತು ವರ್ಷದ ಗೆಳೆಯನೊಬ್ಬ ಗಾಡಿ ಸಾಲಕ್ಕೆ ಸಹಿ ಕೇಳಿದ. 1872ರ ಕರಾರು ಕಾಯ್ದೆಯ ಪ್ರಕಾರ ಜಾಮೀನುದಾರನ ಹೊಣೆ ಸಾಲಗಾರನಷ್ಟೇ. ಮೊದಲು ಅವನನ್ನು ಕೇಳಿ, ಆಮೇಲೆ ನನ್ನನ್ನು ಕೇಳಿ ಅನ್ನುವ ಹಾಗೂ ಇಲ್ಲ. ಇವನು ಆಗಲ್ಲ ಅಂದ. ಗೆಳೆಯ ಈಗ ಮಾತಾಡಿಸುವುದಿಲ್ಲ. ಸಾಲ ಇಲ್ಲದೆ ಇರುವುದಕ್ಕೂ ಇಂಥ ಖರ್ಚು ಇದೆ.

ಈಗ ಮನೆಯಲ್ಲಿ ಹೊಸ ಚರ್ಚೆ. ಅವನಿಗೆ ಎಲೆಕ್ಟ್ರಿಕ್ ಆಟೋ ಬೇಕು, ಸಾಲ ಮಾಡಿಯಾದರೂ ಸರಿ. ತಂಗಿಗೆ ಸಾಲ ಅನ್ನುವ ಮಾತೇ ಬೇಡ. ನಾನು ಇಬ್ಬರ ಮಧ್ಯೆ. ದುಡಿಯುವ ಗಾಡಿಗೆ ಮಾಡುವ ಸಾಲವೂ ಹಬ್ಬಕ್ಕೆ ಮಾಡುವ ಸಾಲವೂ ಒಂದೇ ಅಲ್ಲ ಅಂತ ನನ್ನ ಅಭಿಪ್ರಾಯ. ಹಳೆ ಗಾಡಿ ಮಾರಿದ ಹಣ ಸೇರಿ ಅರ್ಧ ಬೆಲೆ ಕೈಯಲ್ಲಿರಬೇಕು, ಕಂತು ಗ್ಯಾಸಿನಲ್ಲಿ ಉಳಿಯುವ ಹಣಕ್ಕಿಂತ ಜಾಸ್ತಿ ಇರಬಾರದು, ಪಿಗ್ಮಿಯ 200 ಮುಟ್ಟಬಾರದು ಅಂತ ಮೂರು ಷರತ್ತು ಹಾಕಿದೆ. ಅವನು ಒಂದು ತಿಂಗಳು ದಿನಾ ಎಷ್ಟು ಗ್ಯಾಸ್ ಹಾಕಿಸಿದೆ, ಎಷ್ಟು ಕಿಲೋಮೀಟರ್ ಓಡಿಸಿದೆ ಅಂತ ಬರೆದಿಟ್ಟುಕೊಂಡು ಬಂದಿದ್ದ. ಸದ್ಯಕ್ಕೆ ಎರಡನೇ ಷರತ್ತಿನಲ್ಲಿ ದಿನಕ್ಕೆ 60 ರೂಪಾಯಿ ಕಡಿಮೆ ಬೀಳುತ್ತಿದೆ.